ಕೈಗಡಿಯಾರಗಳ ವಿದೇಶ ರವಾನೆ: ವೇಬಿಲ್ಲಿನ ಮೂರು ಚೌಕಗಳು

ವಿಮಾನದ ಮೂಲಕ ಹೊರದೇಶಕ್ಕೆ ಸರಕು ಕಳುಹಿಸುವಾಗ ಸಿದ್ಧವಾಗುವ ಏರ್‌ವೇ ಬಿಲ್ ಎಂಬ ಪತ್ರದಲ್ಲಿ ಮೂರು ಸಣ್ಣ ಚೌಕಗಳಿರುತ್ತವೆ. ಸಾಗಣೆಗಾಗಿ ಘೋಷಿಸಿದ ಮೌಲ್ಯ, ಸುಂಕಕ್ಕಾಗಿ ಘೋಷಿಸಿದ ಮೌಲ್ಯ ಹಾಗೂ ವಿಮೆಯ ಮೊತ್ತ ಎಂಬುವೇ ಆ ಮೂರು. ನಮ್ಮ ಬಹುಪಾಲು ವರ್ತಕರು ಇವುಗಳತ್ತ ಕಣ್ಣು ಹಾಯಿಸುವುದಿಲ್ಲ. ಏಜೆಂಟರ ಕಚೇರಿಯ ಗುಮಾಸ್ತರು ತುಂಬಿಕೊಟ್ಟದ್ದೇ ಅಂತಿಮ. ಬಟ್ಟೆಯನ್ನೋ ಎರಕದ ಬಿಡಿಭಾಗಗಳನ್ನೋ ಟನ್ನುಗಟ್ಟಲೆ ಕಳುಹಿಸುವವರಿಗೆ ಈ ಅಲಕ್ಷ್ಯದಿಂದ ಒದಗುವ ಹಾನಿ ಅಷ್ಟು ದೊಡ್ಡದಾಗದಿರಬಹುದು. ಅಂಗೈಯಲ್ಲಿ ಹಿಡಿಸುವ, ತೂಕದಲ್ಲಿ ಇನ್ನೂರು ಗ್ರಾಂ ಮೀರದ, ಬೆಲೆಯಲ್ಲಿ ಲಕ್ಷ ಮೀರುವ ಕೈಗಡಿಯಾರವನ್ನು ಕಳುಹಿಸುವವರ ಪಾಲಿಗೆ ಮಾತ್ರ ಆ ಮೂರು ಚೌಕಗಳೇ ಸರ್ವಸ್ವ.

ಈ ಮಾತನ್ನು ಬರೆಯಲು ಕಾರಣವಾದದ್ದು ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ಪರಿಶೀಲನೆ ಮಾಡಿಸುವ ಒಬ್ಬ ವರ್ತಕರ ಅನುಭವ. ಚಿಕ್ಕಪೇಟೆಯ ಆಸುಪಾಸಿನಲ್ಲಿ ಅವರ ತಂದೆಯ ಕಾಲದಿಂದ ಗಡಿಯಾರ ದುರಸ್ತಿಯ ಅಂಗಡಿಯಿದೆ. ಕೀಲಿ ಕೊಡುವ ಹಳೆಯ ವಾಚುಗಳನ್ನು ಕೊಂಡು, ಸರಿಪಡಿಸಿ, ಹೊರದೇಶದ ಸಂಗ್ರಾಹಕರಿಗೆ ಮಾರುವುದು ಇವರ ಕಾಲದ ವಿಸ್ತರಣೆ. ಬೆಂಗಳೂರಿಗೆ ಈ ವ್ಯಾಪಾರ ಸಹಜವಾಗಿಯೇ ಒದಗಿ ಬಂದದ್ದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಇಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಪಳಗಿದ ಕೈಗಳು ನಗರದಲ್ಲಿ ಇನ್ನೂ ಇವೆ. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿದ ಬಳಿಕ ಅದರ ಜನತಾ, ಪೈಲಟ್ ಮುಂತಾದ ಮಾದರಿಗಳನ್ನು ಹುಡುಕಿಕೊಂಡು ಬರುವ ಹೊರದೇಶದವರೂ ಹೆಚ್ಚಿದರು. ಅವುಗಳ ಬೆಲೆ ಕೆಲವು ಸಾವಿರ ರೂಪಾಯಿಗಳಷ್ಟೇ. ಆದರೆ ಅದೇ ಗ್ರಾಹಕರು ಮುಂದೆ ಹಳೆಯ ಸ್ವಿಸ್ ವಾಚುಗಳನ್ನೂ ಕೇಳತೊಡಗುತ್ತಾರೆ. ಆಗ ಒಂದೊಂದು ಪೊಟ್ಟಣದ ಬೆಲೆ ಲಕ್ಷಗಳಿಗೆ ಏರುತ್ತದೆ. ಕಳುಹಿಸುವ ಕ್ರಮ ಮಾತ್ರ ಸಾವಿರದ ಕಾಲದ್ದೇ ಆಗಿ ಉಳಿಯುತ್ತದೆ.

2025ರ ಫೆಬ್ರವರಿಯಲ್ಲಿ ಇವರು ಎರಡು ಲಕ್ಷ ರೂಪಾಯಿ ಬೆಲೆಯ ಒಂದು ಸ್ವಿಸ್ ಕ್ರೊನೊಗ್ರಾಫ್ ವಾಚನ್ನು ಸಿಂಗಪುರದ ಗ್ರಾಹಕರಿಗೆ ಕಳುಹಿಸಿದರು. ಪೊಟ್ಟಣದ ತೂಕ 600 ಗ್ರಾಂ. ಹಣ ವಾಚು ತಲುಪಿದ ಮೇಲೆ ಬರತಕ್ಕದ್ದು. ನಾಲ್ಕನೆಯ ದಿನ ಪೊಟ್ಟಣ ತಲುಪಿತು, ಟೇಪು ನೆಟ್ಟಗಿತ್ತು, ಒಳಗಿನ ಪೆಟ್ಟಿಗೆಯೂ ಇತ್ತು, ವಾಚು ಇರಲಿಲ್ಲ. ಗ್ರಾಹಕರು ಅದೇ ಸಂಜೆ ಛಾಯಾಚಿತ್ರ ಸಹಿತ ದೂರು ಕೊಟ್ಟರು. ಸಾಗಣೆ ಸಂಸ್ಥೆಯಿಂದ ಆರು ವಾರಗಳ ನಂತರ ವಿನಯಪೂರ್ವಕವಾದ ಒಂದು ಪತ್ರ ಬಂತು. ಅದರಲ್ಲಿ ಒಪ್ಪಿಕೊಂಡಿದ್ದ ಪರಿಹಾರದ ಮೊತ್ತ ಎರಡು ಸಾವಿರ ರೂಪಾಯಿಗೂ ಕಡಿಮೆ.

ಪತ್ರ ಹಿಡಿದುಕೊಂಡು ಬಂದ ಅವರು ಹೇಳಿದ್ದು ಇಷ್ಟು: “ಸಾರ್, ನಾನು ಏನನ್ನೂ ಮುಚ್ಚಿಟ್ಟಿಲ್ಲ. ಎರಡು ಲಕ್ಷ ಅಂತ ಪೂರ್ತಿ ಬೆಲೆ ಡಿಕ್ಲೇರ್ ಮಾಡಿಯೇ ಕಳಿಸಿದ್ದು.” ವೇಬಿಲ್ಲಿನ ಪ್ರತಿಯನ್ನು ತರಿಸಿ ನೋಡಿದೆವು. ಅವರ ಮಾತು ಸುಳ್ಳಾಗಿರಲಿಲ್ಲ. ಸುಂಕದ ಚೌಕದಲ್ಲಿ ಎರಡು ಲಕ್ಷ ಎಂದೇ ಇತ್ತು. ಸಾಗಣೆಯ ಚೌಕದಲ್ಲಿ ಮೌಲ್ಯ ಘೋಷಿಸಿಲ್ಲ ಎಂಬುದರ ಸಂಕೇತವಾದ ಎನ್‌ವಿಡಿ ಎಂಬ ಮೂರಕ್ಷರಗಳಿದ್ದವು. ವಿಮೆಯ ಚೌಕದಲ್ಲಿ ಮೂರು ಕತ್ತರಿ ಗುರುತುಗಳು.

ಸುಂಕದ ಚೌಕದಲ್ಲಿ ಬರೆಯುವ ಮೌಲ್ಯವು ಎರಡೂ ದೇಶಗಳ ಸುಂಕ ಇಲಾಖೆಗಳಿಗೆ ಸಂಬಂಧಿಸಿದ್ದು. ಅದನ್ನು ಓದಿಕೊಂಡು ಸಾಗಣೆದಾರನು ತನ್ನ ಹೊಣೆಯನ್ನು ಹೆಚ್ಚಿಸಿಕೊಳ್ಳಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬೀಜಕದಲ್ಲಿರುವ ಬೆಲೆಗೂ ಇದೇ ಮಾತು ಅನ್ವಯಿಸುತ್ತದೆ.

ಸಾಗಣೆದಾರನ ಹೊಣೆ ಎಷ್ಟು?

ಅಂತಾರಾಷ್ಟ್ರೀಯ ವಿಮಾನ ಸಾಗಣೆಯ ಹೊಣೆಯನ್ನು ನಿರ್ಧರಿಸುವುದು 1999ರ ಮಾಂಟ್ರಿಯಲ್ ಒಡಂಬಡಿಕೆ. ಭಾರತಕ್ಕೆ ಇದು 2009ರ ಜೂನ್ 30ರಿಂದ ಅನ್ವಯವಾಯಿತು. ಇದರ ಪ್ರಕಾರ ಸರಕು ಕಳೆದುಹೋದರೆ ಅಥವಾ ಕೆಟ್ಟರೆ ಸಾಗಣೆದಾರನ ಹೊಣೆ ಸರಕಿನ ಬೆಲೆಯನ್ನು ಅವಲಂಬಿಸುವುದಿಲ್ಲ, ತೂಕವನ್ನು ಅವಲಂಬಿಸುತ್ತದೆ. ಕಿಲೋಗ್ರಾಮಿಗೆ 17 ಎಸ್‌ಡಿಆರ್ ಎಂದಿದ್ದ ಮಿತಿ ಹಂತಹಂತವಾಗಿ ಏರಿ 2024ರ ಡಿಸೆಂಬರ್ 28ರಿಂದ 26 ಎಸ್‌ಡಿಆರ್ ಆಯಿತು. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ; ನಮ್ಮ ರೂಪಾಯಿಯಲ್ಲಿ ಆಗ ಒಂದಕ್ಕೆ ನೂರಹದಿನೈದರ ಸಮೀಪವಿತ್ತು. 600 ಗ್ರಾಮಿನ ಪೊಟ್ಟಣಕ್ಕೆ 15.6 ಎಸ್‌ಡಿಆರ್. ಸಾಗಣೆ ಸಂಸ್ಥೆಯ ಪತ್ರದಲ್ಲಿದ್ದ ಮೊತ್ತದ ಮೂಲ ಇದೇ. ಅವರು ಲೆಕ್ಕದಲ್ಲಿ ಮೋಸ ಮಾಡಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಸಾಗಣೆದಾರನ ನೌಕರನೇ ಕದ್ದಿದ್ದಾನೆಂದು ರುಜುವಾತಾದರೆ ಮಿತಿ ಹಾರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಪ್ರಯಾಣಿಕರ ಸಾಮಾನಿನ ವಿಷಯದಲ್ಲಿ ಒಡಂಬಡಿಕೆ ಅಂಥ ಅವಕಾಶ ಕೊಟ್ಟಿದೆ. ಸರಕಿನ ವಿಷಯದಲ್ಲಿ ಕೊಟ್ಟಿಲ್ಲ. ಸರಕಿಗೆ ಇರುವ ದಾರಿ ಒಂದೇ. ಪೊಟ್ಟಣವನ್ನು ಒಪ್ಪಿಸುವಾಗಲೇ ಸಾಗಣೆಯ ಚೌಕದಲ್ಲಿ ಮೌಲ್ಯವನ್ನು ವಿಶೇಷವಾಗಿ ಘೋಷಿಸಿ, ಅದಕ್ಕೆ ಸಾಗಣೆದಾರ ಕೇಳುವ ಹೆಚ್ಚುವರಿ ಶುಲ್ಕವನ್ನು ತೆರುವುದು. ಆಗ ಹೊಣೆಯ ಮಿತಿ ಘೋಷಿಸಿದ ಮೊತ್ತಕ್ಕೆ ಏರುತ್ತದೆ. ಆದರೆ ಸಾಗಣೆಗೆ ಘೋಷಿಸಿದ ಮೌಲ್ಯ ಕಿಲೋಗ್ರಾಮಿಗೆ 1000 ಅಮೆರಿಕನ್ ಡಾಲರ್ ಮುಟ್ಟಿದರೆ ವಿಮಾನ ಸಂಸ್ಥೆಗಳ ದರಪುಸ್ತಕದಲ್ಲಿ ಅದು ಬೆಲೆಬಾಳುವ ಸರಕು ಎಂಬ ಪ್ರತ್ಯೇಕ ವರ್ಗಕ್ಕೆ ಸೇರುತ್ತದೆ. ಚಿನ್ನ, ಬೆಳ್ಳಿ, ಪ್ಲಾಟಿನಂ ಕವಚದ ವಾಚುಗಳು ಆ ವರ್ಗಕ್ಕೇ ಸೇರಿದವು. ಈ ವರ್ಗದ ಸಾಗಣೆ ದರ ಹೆಚ್ಚು. ಪ್ರತಿಯಾಗಿ ಬೀಗದ ಕೋಣೆ, ಕೈಯಿಂದ ಕೈಗೆ ಸಹಿ ಮುಂತಾದ ರಕ್ಷಣೆಯೂ ಇದೆ. ಎರಡು ಲಕ್ಷ ಮೀರಿದ ವಾಚಿಗೆ ಈ ಹೆಚ್ಚುವರಿ ವೆಚ್ಚ ದುಬಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಳ್ಳತನವಾದ ಮೇಲೆ ಪರಿಹಾರ ಪಡೆಯುವುದಕ್ಕಿಂತ ಕಳ್ಳತನವೇ ಆಗದಿರುವುದು ಲೇಸು.

ಮನೆಬಾಗಿಲಿನಿಂದ ಮನೆಬಾಗಿಲಿಗೆ ತಲುಪಿಸುವ ಕೊರಿಯರ್ ಸಂಸ್ಥೆಗಳ ಷರತ್ತುಗಳು ಇನ್ನಷ್ಟು ಬಿಗಿ. ವಾಚು, ಆಭರಣಗಳಿಗೆ ಘೋಷಿಸಬಹುದಾದ ಮೌಲ್ಯಕ್ಕೆ ಪ್ರತ್ಯೇಕವಾದ ಕಡಿಮೆ ಮಿತಿಯನ್ನು ಕೆಲವರು ಹಾಕಿರುತ್ತಾರೆ. ಇಂತಿಷ್ಟು ಬೆಲೆಯ ಮೇಲಿನದನ್ನು ಸ್ವೀಕರಿಸುವುದೇ ಇಲ್ಲ ಎನ್ನುವವರೂ ಇದ್ದಾರೆ. ಸ್ವೀಕರಿಸಬಾರದ ವಸ್ತುವನ್ನು ಕೌಂಟರಿನ ಹುಡುಗ ಅರಿಯದೆ ಸ್ವೀಕರಿಸಿದರೆ ಹಣ ತೆತ್ತಿದ್ದೂ ವ್ಯರ್ಥ. ಷರತ್ತುಗಳ ಪುಟವನ್ನು ಮುದ್ರಿಸಿಕೊಂಡು, ವಾಚು ಎಂಬ ಪದ ಎಲ್ಲೆಲ್ಲಿ ಬಂದಿದೆಯೆಂದು ಗುರುತು ಹಾಕಿ ಓದುವುದು ಅರ್ಧ ಗಂಟೆಯ ಕೆಲಸ.

ಅಂಚೆಯ ಮಾರ್ಗ ಬೇರೆಯೇ. ಮಾಂಟ್ರಿಯಲ್ ಒಡಂಬಡಿಕೆಯ ಪ್ರಕಾರ ಅಂಚೆ ಚೀಲದ ವಿಷಯದಲ್ಲಿ ವಿಮಾನ ಸಂಸ್ಥೆಯು ಅಂಚೆ ಇಲಾಖೆಗೆ ಮಾತ್ರ ಉತ್ತರದಾಯಿ, ಕಳುಹಿಸಿದವರಿಗಲ್ಲ. 1898ರ ಕಾಯಿದೆಯ ಬದಲಿಗೆ 2024ರ ಜೂನ್‌ನಲ್ಲಿ ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯಿದೆಯಲ್ಲಿಯೂ, ನಿಯಮಗಳಲ್ಲಿ ಗೊತ್ತುಪಡಿಸಿದ ಹೊಣೆಯ ಹೊರತು ಇಲಾಖೆಗೆ ಬೇರೆ ಹೊಣೆಯಿಲ್ಲ. ವಿಶ್ವ ಅಂಚೆ ಒಕ್ಕೂಟದ ಒಡಂಬಡಿಕೆಯು ಚಿನ್ನ, ಬೆಳ್ಳಿ, ರತ್ನ ಹಾಗೂ ಇತರ ಬೆಲೆಬಾಳುವ ವಸ್ತುಗಳನ್ನು ವಿಮೆಯಿಲ್ಲದ ಸಾಮಾನ್ಯ ಅಂಚೆಯಲ್ಲಿ ಇಡುವುದನ್ನು ನಿಷೇಧಿಸಿದೆ. ರಫ್ತಿಗೆಂದೇ 2022ರ ನಂತರ ತೆರೆದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ವರ್ತಕರಿಗೆ ನಿಜಕ್ಕೂ ಉಪಕಾರಿ. ಮೂರು ಸಾವಿರದ ಜನತಾ ವಾಚಿಗೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಎರಡು ಲಕ್ಷದ ವಾಚಿಗೆ ಅದು ತಕ್ಕ ದಾರಿಯಲ್ಲ.

ವಿಮೆ: ಯಾವುದು, ಯಾರಿಗಾಗಿ, ಎಷ್ಟಕ್ಕೆ?

ಸಾಗಣೆದಾರನ ಹೊಣೆಯೆಂಬುದು ಅವನ ತಪ್ಪಿಗೆ ಅವನು ತೆರುವ ಪರಿಹಾರ. ವಿಮೆಯಾದರೋ ನಮ್ಮ ನಷ್ಟಕ್ಕೆ ಮೂರನೆಯವರೊಬ್ಬರು ಕಂತು ಪಡೆದು ಕೊಡುವ ಭರವಸೆ. ಇವೆರಡನ್ನೂ ಒಂದೇ ಎಂದು ತಿಳಿಯುವುದೇ ಎಲ್ಲ ತೊಂದರೆಗಳ ಬೇರು. ಇದರ ಜೊತೆಗೆ ಇಸಿಜಿಸಿ ಸಂಸ್ಥೆಯ ಪಾಲಿಸಿಯನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಇಸಿಜಿಸಿ ನೋಡಿಕೊಳ್ಳುವುದು ಕೊಂಡವನು ಹಣ ಕೊಡದಿರುವ ಅಪಾಯವನ್ನು. ದಾರಿಯಲ್ಲಿ ಸರಕು ಕಾಣೆಯಾಗುವ ಅಪಾಯವನ್ನಲ್ಲ.

ಹೆಸರಿನಲ್ಲಿ ಸಾಗರವಿದ್ದರೂ ವಿಮಾನದ ಸರಕಿಗೂ ನಮ್ಮ ವಿಮಾ ಕಂಪನಿಗಳು ಕೊಡುವುದು ಮೆರೀನ್ ಕಾರ್ಗೋ ಪಾಲಿಸಿಯನ್ನೇ. ಅದರಲ್ಲಿ ಲಂಡನ್ನಿನ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ಎಂಬ ಷರತ್ತುಗಳನ್ನು ಲಗತ್ತಿಸಿರುತ್ತಾರೆ. ಇವುಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ಬಿ ಮತ್ತು ಸಿ ಹೆಸರಿಸಿದ ಕೆಲವು ಅಪಾಯಗಳಿಗೆ ಮಾತ್ರ. ಬರಿಯ ಕಳ್ಳತನಕ್ಕೆ ಅವುಗಳಲ್ಲಿ ರಕ್ಷಣೆಯಿಲ್ಲ. ವಾಚಿಗೆ ಇರುವ ದೊಡ್ಡ ಅಪಾಯವೇ ಕಳ್ಳತನವಾದ್ದರಿಂದ ಸಿ ಷರತ್ತಿನ ಪಾಲಿಸಿ ಕೊಳ್ಳುವುದು ಮಳೆಗಾಲಕ್ಕೆ ಬೀಸಣಿಗೆ ಕೊಂಡಂತೆ. ವಿಮಾನ ಸಾಗಣೆಗೆಂದೇ ಪ್ರತ್ಯೇಕವಾದ ಏರ್ ಷರತ್ತುಗಳಿವೆ. ಅವು ಎ ಬಗೆಯಂತೆ ಹೊರಗಿಟ್ಟ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಅಪಾಯಗಳಿಗೂ ಅನ್ವಯಿಸುತ್ತವೆ. ಆದರೆ ಅವುಗಳ ಶೀರ್ಷಿಕೆಯಲ್ಲಿಯೇ ಅಂಚೆಯ ಮೂಲಕ ಕಳುಹಿಸಿದ್ದನ್ನು ಬಿಟ್ಟು ಎಂದು ಬರೆದಿದೆ. ಪಾಲಿಸಿಯಲ್ಲಿ ಏರ್ ಷರತ್ತು ಇಟ್ಟುಕೊಂಡು ಆತುರಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಹೊರಗಿಟ್ಟ ಕಾರಣಗಳು ಯಾವುವೆಂಬುದನ್ನು ವಾಚಿನ ದೃಷ್ಟಿಯಿಂದ ನೋಡಬೇಕು. ಪ್ಯಾಕಿಂಗ್ ಸಾಲದೆ ಆದ ಹಾನಿ, ವಸ್ತುವಿನ ಸ್ವಭಾವದಿಂದಲೇ ಆದ ಹಾನಿ, ವಿಳಂಬದಿಂದಾದ ನಷ್ಟ ಇವು ಎಲ್ಲ ಪಾಲಿಸಿಗಳಲ್ಲಿಯೂ ಹೊರಗೆ. ಯುದ್ಧ ಹಾಗೂ ಮುಷ್ಕರಗಳಿಗೆ ಪ್ರತ್ಯೇಕ ಕಂತು ತೆರಬೇಕು. ವಿಳಂಬದ ಮಾತು ಬಂದದ್ದರಿಂದ ಒಂದು ಇತ್ತೀಚಿನ ಪ್ರಸಂಗ: 2025ರ ಆಗಸ್ಟ್ 29ರಿಂದ ಅಮೆರಿಕವು 800 ಡಾಲರ್‌ವರೆಗಿನ ಪೊಟ್ಟಣಗಳ ಸುಂಕ ವಿನಾಯಿತಿಯನ್ನು ನಿಲ್ಲಿಸಿದಾಗ, ನಮ್ಮ ಅಂಚೆ ಇಲಾಖೆಯು ಆ ದೇಶಕ್ಕೆ ಹೋಗುವ ಬಹುಪಾಲು ಪೊಟ್ಟಣಗಳನ್ನು ಆಗಸ್ಟ್ 25ರಿಂದಲೇ ತಡೆಹಿಡಿದು, ಅಕ್ಟೋಬರ್ 15ರಿಂದ ಸೇವೆಯನ್ನು ಪುನರಾರಂಭಿಸಿತು. ಆ ಏಳು ವಾರಗಳಲ್ಲಿ ಗ್ರಾಹಕ ಬೇಡವೆಂದರೆ ಅದು ವರ್ತಕನ ನಷ್ಟ. ಯಾವ ಕಾರ್ಗೋ ಪಾಲಿಸಿಯೂ ಅದನ್ನು ತುಂಬುವುದಿಲ್ಲ.

ಕೀಲಿ ಕೊಡುವ ವಾಚಿಗೆ ಇನ್ನೊಂದು ತೊಡಕು. ಹೊರಗವಚಕ್ಕೆ ಪೆಟ್ಟಿನ ಗುರುತಿಲ್ಲದೆ ಒಳಗಿನ ಯಂತ್ರ ಕೆಟ್ಟರೆ ಅದನ್ನು ಯಾಂತ್ರಿಕ ದೋಷವೆಂದು ಹೊರಗಿಡುವ ಷರತ್ತನ್ನು ಕಂಪನಿಗಳು ಸಾಮಾನ್ಯವಾಗಿ ಸೇರಿಸುತ್ತವೆ. ವಾಚು ಕೆಳಗೆ ಬಿದ್ದಾಗ ಮೊದಲು ಮುರಿಯುವುದು ಒಳಗಿರುವ ಬ್ಯಾಲೆನ್ಸಿನ ಕೂದಲಷ್ಟು ಸಣ್ಣ ಅಚ್ಚು; ಹೊರಗೆ ಗೀರೂ ಇರುವುದಿಲ್ಲ. ಹಳೆಯ ವಸ್ತುಗಳಿಗೆ ತುಕ್ಕು, ಬಣ್ಣಗೇಡುಗಳನ್ನೂ ಹೊರಗಿಡುತ್ತಾರೆ. ಕೆಲವೊಮ್ಮೆ ಎ ಬಗೆಯನ್ನು ಕೊಡಲೂ ಒಪ್ಪುವುದಿಲ್ಲ. ಆದ್ದರಿಂದ ವಾಚು ಹಳೆಯದೆಂಬುದನ್ನು ಪ್ರಸ್ತಾವನೆಯಲ್ಲೇ ತಿಳಿಸಿ, ಈ ಷರತ್ತುಗಳ ಬಗ್ಗೆ ಮೊದಲೇ ಚರ್ಚಿಸಿ, ತಜ್ಞರ ಮೌಲ್ಯಪತ್ರದ ಆಧಾರದ ಮೇಲೆ ಮೌಲ್ಯವನ್ನು ಪಾಲಿಸಿಯಲ್ಲಿಯೇ ನಿಗದಿಪಡಿಸಿಕೊಳ್ಳಬೇಕು. 1963ರ ಮೆರೀನ್ ಇನ್ಶೂರೆನ್ಸ್ ಕಾಯಿದೆಯು ಇಂಥ ಮೌಲ್ಯ ನಿಗದಿತ ಪಾಲಿಸಿಯನ್ನು ಮಾನ್ಯ ಮಾಡಿದೆ; ವಂಚನೆ ಇಲ್ಲದಿದ್ದರೆ ನಿಗದಿಯಾದ ಬೆಲೆಯನ್ನು ಆಮೇಲೆ ಕೆದಕುವಂತಿಲ್ಲ. ಭಾರತದಲ್ಲಿ ಕಾರ್ಗೋ ವಿಮೆಗೆ 1994ರಿಂದ ಸಿದ್ಧ ದರಪಟ್ಟಿ ಇಲ್ಲವಾದ್ದರಿಂದ ಕಂತು ಮತ್ತು ಷರತ್ತುಗಳೆರಡನ್ನೂ ಮಾತಾಡಿ ಇಳಿಸಿಕೊಳ್ಳಲು ಅವಕಾಶವಿದೆ. ದರದ ಬಗ್ಗೆ ಚೌಕಾಶಿ ಮಾಡುವ ನಮ್ಮವರು ಷರತ್ತಿನ ಬಗ್ಗೆ ಬಾಯಿ ತೆರೆಯುವುದಿಲ್ಲ ಎಂಬುದು ನನ್ನ ಬಹುಕಾಲದ ದೂರು.

ವಿಮೆಯ ಮೊತ್ತವನ್ನು ಹೀಗೆ ಲೆಕ್ಕ ಹಾಕುವುದು ರೂಢಿ. ವಾಚಿನ ಬೆಲೆ 2,00,000, ಸಾಗಣೆ ವೆಚ್ಚ 4,000, ವಿಮಾ ಕಂತು 1,000 ಎಂದಿಟ್ಟುಕೊಂಡರೆ ಒಟ್ಟು 2,05,000. ಇತರ ಖರ್ಚುಗಳಿಗಾಗಿ ಅದರ ಮೇಲೆ ಶೇಕಡಾ 10 ಸೇರಿಸಿ 2,25,500 ರೂಪಾಯಿಗೆ ವಿಮೆ ಮಾಡಿಸಬೇಕು. ಕಂತು ಉಳಿಸಲೆಂದು ಒಂದು ಲಕ್ಷಕ್ಕೆ ಮಾಡಿಸಿದರೆ ಒಂದು ಲಕ್ಷವಾದರೂ ಪೂರ್ತಿ ಸಿಗುತ್ತದೆಂದು ಭಾವಿಸಬಾರದು. ವಿಮೆ ಮಾಡಿಸದ ಭಾಗಕ್ಕೆ ಸರಕಿನ ಒಡೆಯನೇ ವಿಮಾದಾರನೆಂದು ಕಾಯಿದೆ ಪರಿಗಣಿಸುತ್ತದೆ. ಎರಡು ಲಕ್ಷದ ವಸ್ತುವಿಗೆ ಒಂದು ಲಕ್ಷದ ವಿಮೆಯಿದ್ದು 50,000 ರೂಪಾಯಿಯ ಹಾನಿಯಾದರೆ ಕೈಗೆ ಬರುವುದು 25,000 ಮಾತ್ರ.

ಯಾರಿಗಾಗಿ ವಿಮೆ ಎಂಬುದು ಮಾರಾಟದ ಕರಾರಿನ ಮೇಲೆ ನಿಂತಿದೆ. ನಮ್ಮಲ್ಲಿ ವಿಮಾನದ ಸರಕಿಗೂ ಸಿಐಎಫ್ ಎಂದು ಬೀಜಕದಲ್ಲಿ ಬರೆಯುವ ಅಭ್ಯಾಸ ಬಿಟ್ಟಿಲ್ಲ. ಸಿಐಎಫ್ ಹಡಗಿನ ಸರಕಿಗೆ ಸೇರಿದ್ದು. ವಿಮಾನದ ಸರಕಿಗೆ ಸಿಐಪಿ ಎಂದಿರಬೇಕು. ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿಐಎಫ್‌ನಲ್ಲಿ ಮಾರುವವನು ಕನಿಷ್ಠ ಸಿ ಷರತ್ತಿನ ವಿಮೆ ಮಾಡಿಸಿದರೆ ಸಾಕು. ಸಿಐಪಿಯಲ್ಲಿ ಎ ಷರತ್ತಿನ ವಿಮೆಯನ್ನೇ ಮಾಡಿಸಬೇಕು. ಇನ್ನು ಗ್ರಾಹಕನ ಮನೆಗೆ ತಲುಪಿಸುತ್ತೇವೆಂದು ಒಪ್ಪಿದ ಡಿಎಪಿ ವ್ಯಾಪಾರದಲ್ಲಿ ವಾಚು ಅಲ್ಲಿ ಮುಟ್ಟುವ ತನಕ ಅಪಾಯವೆಲ್ಲ ನಮ್ಮದೇ. ವಿಮೆ ಕೊಂಡವನ ಹೊಣೆಯೆಂದು ಒಪ್ಪಂದವಾಗಿದ್ದರೂ ಹಣ ಬರುವ ತನಕ ನಮ್ಮ ಹಿತಾಸಕ್ತಿ ಉಳಿದೇ ಇರುತ್ತದೆ. ಅದಕ್ಕೆ ಮಾರಾಟಗಾರನ ಹಿತದ ವಿಮೆ ಎಂಬ ಪ್ರತ್ಯೇಕ ವ್ಯವಸ್ಥೆ ದೊರೆಯುತ್ತದೆ.

ತಿಂಗಳಿಗೆ ನಾಲ್ಕಾರು ಸಲ ಕಳುಹಿಸುವವರಿಗೆ ಪ್ರತಿ ಸಲದ ಪಾಲಿಸಿಗಿಂತ ವರ್ಷಾವಧಿಯ ಓಪನ್ ಕವರ್ ಅನುಕೂಲ. ಆದರೆ ಪ್ರತಿ ರವಾನೆಯನ್ನೂ ತಪ್ಪದೆ ತಿಳಿಸಬೇಕು, ಒಂದು ರವಾನೆಗೆ ಇರುವ ಗರಿಷ್ಠ ಮಿತಿಯನ್ನು ಮೀರಬಾರದು, ಮುಂಗಡ ಠೇವಣಿ ಬರಿದಾಗಿರಬಾರದು. 1938ರ ವಿಮಾ ಕಾಯಿದೆಯ 64ವಿಬಿ ವಿಧಿಯಂತೆ ಕಂತು ಸಂದಾಯವಾಗದೆ ಅಪಾಯವನ್ನು ಕಂಪನಿ ಹೊರುವಂತಿಲ್ಲ. ಫೋನಿನಲ್ಲಿ ಹೇಳಿದ್ದೇನೆ ಎಂಬುದು ಉತ್ತರವಾಗದು. ವಿಮಾನದಿಂದ ಸರಕು ಇಳಿದು 30 ದಿನಗಳಾದರೆ ಏರ್ ಷರತ್ತಿನ ರಕ್ಷಣೆ ಮುಗಿಯುತ್ತದೆ ಎಂಬುದನ್ನೂ, ಸುಂಕ ಕಟ್ಟಲು ತಡಮಾಡುವ ಗ್ರಾಹಕರಿಗೆ ನೆನಪಿಸುತ್ತಿರಬೇಕು. ಪ್ರದರ್ಶನಕ್ಕೆಂದು ವಾಚುಗಳನ್ನು ತಾವೇ ಕೈಚೀಲದಲ್ಲಿ ಒಯ್ಯುವವರು ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬರೆಸಿಕೊಳ್ಳಬೇಕು. ಅಂಥವರು ಸುಂಕದ ಮಟ್ಟಿಗೆ ಎಟಿಎ ಕಾರ್ನೆಟ್ ಪಡೆಯಬಹುದು. ಭಾರತದಲ್ಲಿ ಅದನ್ನು ಫಿಕ್ಕಿ ಸಂಸ್ಥೆ ನೀಡುತ್ತದೆ.

ಐವತ್ತು ಡಾಲರಿನ ಉಡುಗೊರೆ

ಹೊರದೇಶದ ಗ್ರಾಹಕರಿಂದ ಆಗಾಗ ಒಂದು ವಿನಂತಿ ಬರುತ್ತದೆ: ಬೀಜಕದಲ್ಲಿ ಐವತ್ತು ಡಾಲರ್ ಎಂದು ಬರೆದು, ಉಡುಗೊರೆ ಎಂದು ಗುರುತು ಹಾಕಿ ಕಳುಹಿಸಿ. ಅವರಿಗೆ ತಮ್ಮ ದೇಶದ ಸುಂಕ ಉಳಿಯುತ್ತದೆ. ನಮ್ಮ ವರ್ತಕರು ದಾಕ್ಷಿಣ್ಯಕ್ಕೆ ಒಪ್ಪುತ್ತಾರೆ. ಎರಡು ಲಕ್ಷಕ್ಕೆ ವಿಮೆ ಮಾತ್ರ ಬೇರೆ ಮಾಡಿಸುತ್ತಾರೆ. ಲೆಕ್ಕಪರಿಶೋಧಕನಾಗಿ ಇದರಷ್ಟು ಅಪಾಯಕಾರಿಯಾದ ಜಾಣತನವನ್ನು ನಾನು ಕಂಡಿಲ್ಲ. ವಿಮೆಯ ಒಪ್ಪಂದ ಪರಮ ವಿಶ್ವಾಸದ್ದೆಂದು 1963ರ ಕಾಯಿದೆಯ 19ನೆಯ ವಿಧಿ ಹೇಳುತ್ತದೆ. ಮುಖ್ಯ ಸಂಗತಿಗಳನ್ನೆಲ್ಲ ಮೊದಲೇ ತಿಳಿಸಬೇಕೆಂದು 20ನೆಯ ವಿಧಿ. ಕ್ಲೇಮಿನ ಜೊತೆ ಸರ್ವೇಯರ್ ಕೇಳುವ ಮೊದಲ ಕಾಗದವೇ ಬೀಜಕ. ಅದರಲ್ಲಿ ಐವತ್ತು ಡಾಲರ್ ಇದ್ದರೆ ಎರಡು ಲಕ್ಷವನ್ನು ಯಾವ ಮುಖ ಹೊತ್ತು ಕೇಳುವುದು? ಇತ್ತ ಸುಳ್ಳು ಘೋಷಣೆಗಾಗಿ ಕಸ್ಟಮ್ಸ್ ಕಾಯಿದೆಯ 114ಎಎ ವಿಧಿಯಲ್ಲಿ ಸರಕಿನ ಬೆಲೆಯ ಐದು ಪಟ್ಟಿನವರೆಗೂ ದಂಡಕ್ಕೆ ಅವಕಾಶವಿದೆ. ಐವತ್ತರ ಬೀಜಕಕ್ಕೆ ಬ್ಯಾಂಕಿಗೆ ಎರಡು ಲಕ್ಷ ಬಂದರೆ ವಿದೇಶಿ ವಿನಿಮಯದ ಪ್ರಶ್ನೆಯೂ ಏಳುತ್ತದೆ.

ವಿವರಣೆಯೂ ಸರಿಯಾಗಿರಬೇಕು. ಅಮೂಲ್ಯ ಲೋಹದ ಕವಚದ ಕೈಗಡಿಯಾರ 9101ರ ಅಡಿ, ಉಳಿದವು 9102ರ ಅಡಿ ಬರುತ್ತವೆ. ಮೊಸಳೆ ಚರ್ಮದ ಪಟ್ಟಿಯಿದ್ದರೆ ಕಳಚಿ ಇಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ. ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಡಂಬಡಿಕೆಯ ಪತ್ರಗಳಿಲ್ಲದೆ ಅದು ಎರಡೂ ಕಡೆ ಸಿಕ್ಕಿಬೀಳುತ್ತದೆ. ಸ್ಮಾರ್ಟ್ ವಾಚಿನೊಳಗಿನ ಲಿಥಿಯಂ ಅಯಾನ್ ಬ್ಯಾಟರಿ ಯುಎನ್ 3481ರ ಅಡಿ ಅಪಾಯಕಾರಿ ವಸ್ತುವಿನ ನಿಯಮಗಳಿಗೆ ಒಳಪಡುತ್ತದೆ. ಹಳೆಯ ಜೇಬುಗಡಿಯಾರಗಳ ವ್ಯಾಪಾರಿಗಳು ಮುಖ್ಯವಾಗಿ ಗಮನಿಸತಕ್ಕದ್ದು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಮಹತ್ವದ ವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಬ್ರಿಟಿಷರ ಕಾಲದ ವೆಸ್ಟ್ ಎಂಡ್ ಗಡಿಯಾರಗಳಲ್ಲಿ ಆ ವಯಸ್ಸು ಮುಟ್ಟಿದವು ಇವೆ. ಸಂಶಯವಿದ್ದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದೇ ಕಳುಹಿಸಬೇಕು. ರಫ್ತೇ ಕಾನೂನುಬಾಹಿರವಾದರೆ ಅದರ ವಿಮೆಯೂ ನಿಲ್ಲುವುದಿಲ್ಲ.

ತೂಕ, ಚಿತ್ರ, ದಿನಾಂಕ

ಪ್ಯಾಕಿಂಗ್ ಬಗ್ಗೆ ವಾಚಿನವರಿಗೆ ನಾನು ಹೇಳಿಕೊಡಬೇಕಾದ್ದು ಹೆಚ್ಚಿಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಮೆತ್ತೆ, ಹೊರಗೆ ಅಂಗಡಿಯ ಜಾಹೀರಾತಿನ ಟೇಪು ಬೇಡ. ಒಳಗೇನಿದೆ ಎಂದು ಸಾರುವ ಪೊಟ್ಟಣ ಕಳ್ಳನಿಗೆ ಕಳುಹಿಸಿದ ಆಮಂತ್ರಣ. ಅದಕ್ಕಿಂತ ಮುಖ್ಯವಾದದ್ದು ದಾಖಲೆ. ಕವಚದ ಹಾಗೂ ಯಂತ್ರದ ಸಂಖ್ಯೆಗಳು ಕಾಣುವಂತೆ ಛಾಯಾಚಿತ್ರ, ಮುಚ್ಚುವಾಗಿನ ಚಿತ್ರೀಕರಣ, ಗ್ರಾಂ ಲೆಕ್ಕದಲ್ಲಿ ತೂಕ. ಈ ತೂಕವನ್ನು ಸಾಗಣೆದಾರನ ರಸೀದಿಯಲ್ಲಿ ಬರೆಸಿಕೊಳ್ಳುವುದು ಅಗತ್ಯ. ಒಂದು ಕಿಲೋ ಎಂದು ದುಂಡಗೆ ಬರೆದ ರಸೀದಿ ನಾಳೆ ಏನನ್ನೂ ರುಜುವಾತು ಮಾಡದು.

ದುರಸ್ತಿಗೆಂದು ಸ್ವಿಟ್ಜರ್ಲೆಂಡಿಗೆ ವಾಚು ಕಳುಹಿಸಿ ಮರಳಿ ತರಿಸುವವರಿಗೂ ಸಂಖ್ಯೆಗಳ ಈ ದಾಖಲೆಯೇ ಆಧಾರ. ಹೋದದ್ದೇ ಮರಳಿತೆಂದು ಸುಂಕ ಅಧಿಕಾರಿಗಳಿಗೆ ಮನವರಿಕೆಯಾದರೆ ದುರಸ್ತಿ ವೆಚ್ಚ ಹಾಗೂ ಎರಡೂ ಕಡೆಯ ಸಾಗಣೆ, ವಿಮೆಗಳ ಮೇಲೆ ಮಾತ್ರ ಸುಂಕ. ಆಗದಿದ್ದರೆ ವಾಚಿನ ಪೂರ್ಣ ಬೆಲೆಯ ಮೇಲೆ. ಹೋಗುವಾಗಲೇ ರಫ್ತು ಪತ್ರದಲ್ಲಿ ಸಂಖ್ಯೆಗಳನ್ನು ಬರೆಸದೆ, ಬಂದಾಗ ಪರದಾಡುವವರೇ ಹೆಚ್ಚು.

ಹಾನಿ ಕಂಡ ಕೂಡಲೇ ಮಾಡಬೇಕಾದ ಕೆಲಸ ಎರಡು. ವಿಮಾ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಹೆಸರಿಸಿದ ಆ ದೇಶದ ಪ್ರತಿನಿಧಿಯಿಂದ ಸರ್ವೆ ಮಾಡಿಸುವುದು ಒಂದು. ಸಾಗಣೆದಾರನಿಗೆ ಬರಹದಲ್ಲಿ ದೂರು ಕೊಡುವುದು ಇನ್ನೊಂದು. ಹಾನಿಯಾದ ಸರಕಿಗೆ ಕೈಸೇರಿದ 14 ದಿನಗಳೊಳಗೆ, ವಿಳಂಬಕ್ಕೆ 21 ದಿನಗಳೊಳಗೆ ದೂರು ಸಲ್ಲಬೇಕು. ದಾವೆ ಹೂಡಲು ಎರಡು ವರ್ಷ. ವಿಮೆಯಿದೆ, ಸಾಗಣೆದಾರನಿಗೇಕೆ ದೂರು ಎಂದು ಸುಮ್ಮನಿರಬಾರದು. ಪರಿಹಾರ ಕೊಟ್ಟ ಮೇಲೆ ನಮ್ಮ ಸ್ಥಾನದಲ್ಲಿ ನಿಂತು ಸಾಗಣೆದಾರನಿಂದ ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ 79ನೆಯ ವಿಧಿಯಿಂದ ಬರುತ್ತದೆ. ನಮ್ಮ ಮೌನದಿಂದ ಆ ಹಕ್ಕು ಕೆಟ್ಟರೆ ಕಂಪನಿ ನಮ್ಮ ಪರಿಹಾರಕ್ಕೇ ಕತ್ತರಿ ಹಾಕೀತು. ಪೊಟ್ಟಣ ತೆರೆಯುವಾಗ ಚಿತ್ರೀಕರಿಸಲು, ಹೊರಹೊದಿಕೆಯನ್ನು ಎಸೆಯದಿರಲು ಗ್ರಾಹಕರಿಗೆ ಮೊದಲೇ ಬರೆದು ತಿಳಿಸಬೇಕು.

ಲೆಕ್ಕಪುಸ್ತಕದಲ್ಲಿ

ಇನ್ನು ನಮ್ಮ ವೃತ್ತಿಗೆ ಸೇರಿದ ಮಾತು. ಕಳೆದುಹೋದ, ಕಳುವಾದ ಸರಕಿನ ಮೇಲಿನ ಹೂಡುವಳಿ ತೆರಿಗೆಯ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ವಿಧಿ ನಿರಾಕರಿಸುತ್ತದೆ. ರಫ್ತಿಗೆ ಹೊರಟ ಹೊಸ ವಾಚು ಬೆಂಗಳೂರಿನ ಗೋದಾಮಿನಲ್ಲಿಯೇ ಕಾಣೆಯಾದರೆ ಜಮೆಯನ್ನು ಹಿಂದಿರುಗಿಸಬೇಕು. ದೇಶ ಬಿಟ್ಟ ಮೇಲೆ ಕಾಣೆಯಾದರೆ ರಫ್ತು ಆಗಲೇ ಪೂರ್ಣಗೊಂಡಿದೆ ಎಂದು ವಾದಿಸಲು ಆಧಾರವಿದೆ. ಎಲ್ಲಿ ಕಾಣೆಯಾಯಿತು ಎಂಬುದನ್ನು ಹೇಳುವುದು ತೂಕದ ದಾಖಲೆ. ನಮ್ಮ ವರ್ತಕರ ಪೊಟ್ಟಣ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 600 ಗ್ರಾಂ ಇತ್ತು. ಸಿಂಗಪುರದ ವಿಂಗಡಣಾ ಕೇಂದ್ರದ ದಾಖಲೆಯಲ್ಲಿ 455. ಅವರು ಹಳೆಯ ವಾಚನ್ನು ನೋಂದಣಿಯಿಲ್ಲದ ಮನೆಯವರಿಂದ ಕೊಂಡಿದ್ದರಿಂದ ಖರೀದಿಯ ಮೇಲೆ ಜಮೆ ಪಡೆದಿರಲೇ ಇಲ್ಲ. ಬಿಡಿಭಾಗಗಳ ಮೇಲಿನ ಅಲ್ಪ ಮೊತ್ತದ ಪ್ರಶ್ನೆಯಷ್ಟೇ ಉಳಿದಿತ್ತು; ಆ ಎರಡು ತೂಕಗಳ ಬಲದಿಂದ ಅದನ್ನು ಉಳಿಸಿಕೊಂಡೆವು. ವಿಮಾ ಕ್ಲೇಮು ಮಂಜೂರಾಗುವುದು ಖಚಿತವಾಗುವ ತನಕ ಅದನ್ನು ಆದಾಯವೆಂದು ತೋರಿಸಬಾರದು, ನಷ್ಟವನ್ನು ಮಾತ್ರ ಆ ವರ್ಷವೇ ಬರೆಯಬೇಕು ಎಂಬುದು ಲೆಕ್ಕದ ನಿಯಮ.

ಅವರ ವಿಷಯದಲ್ಲಿ ಕ್ಲೇಮಿನ ಪ್ರಶ್ನೆಯೇ ಇರಲಿಲ್ಲ. ಎರಡು ಲಕ್ಷ ರೂಪಾಯಿಯೂ ನಷ್ಟದ ಖಾತೆಗೆ ಹೋಯಿತು. ಅಷ್ಟಕ್ಕೇ ಮುಗಿಯಲಿಲ್ಲ. ರಫ್ತು ದಾಖಲಾಗಿದೆ, ಹಣ ಬಂದಿಲ್ಲ ಎಂದು ಬ್ಯಾಂಕಿನಿಂದ ಜ್ಞಾಪನಾ ಪತ್ರಗಳು ಬರತೊಡಗಿದವು. ದಾರಿಯಲ್ಲಿ ಕಳೆದ ಸರಕಿನ ಬಗ್ಗೆ ರಿಸರ್ವ್ ಬ್ಯಾಂಕಿನ 2016ರ ರಫ್ತು ಮಾಸ್ಟರ್ ನಿರ್ದೇಶನ ಹೇಳಿದ್ದೇನೆಂದರೆ, ನಷ್ಟ ತಿಳಿದ ಕೂಡಲೇ ವಿಮಾ ಕ್ಲೇಮು ಸಲ್ಲಿಕೆಯಾಗುವಂತೆ ಬ್ಯಾಂಕು ನೋಡಿಕೊಳ್ಳಬೇಕು, ವಿಮೆಯ ಹಣ ಭಾರತಕ್ಕೆ ಬರಬೇಕು. ಶಾಖೆಯ ಅಧಿಕಾರಿ ಕಳುಹಿಸಿದ ಪಟ್ಟಿಯ ಮೊದಲ ಸಾಲಿನಲ್ಲಿಯೇ ವಿಮಾ ಪಾಲಿಸಿಯ ಪ್ರತಿ ಎಂದಿತ್ತು. ಪಾಲಿಸಿ ಇಲ್ಲವೆಂಬ ಪ್ರಮಾಣಪತ್ರ, ಗ್ರಾಹಕರ ದೂರು, ಸಾಗಣೆ ಸಂಸ್ಥೆಯ ಪತ್ರ, ನಮ್ಮ ಕಚೇರಿಯ ದೃಢೀಕರಣ ಇವೆಲ್ಲವನ್ನೂ ಸಲ್ಲಿಸಿ ಬಾಕಿಯನ್ನು ವಜಾ ಮಾಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ಸಾಗಣೆ ಸಂಸ್ಥೆ ಕೊಡಲೊಪ್ಪಿದ ಸಾವಿರ ಚಿಲ್ಲರೆ ರೂಪಾಯಿಯನ್ನು ಅವರು ಸ್ವೀಕರಿಸಿದರೇ ಎಂದು ಕೇಳಿದೆ. “ಬೇಡ ಅನ್ನಿಸಿತ್ತು ಸಾರ್, ನೀವು ಲೆಕ್ಕಕ್ಕೆ ರಸೀದಿ ಬೇಕು ಅಂತೀರಿ ಅಂತ ತಗೊಂಡೆ” ಎಂದರು. ಕಳೆದ ತಿಂಗಳು ಅವರ ಹೊಸ ಏರ್‌ವೇ ಬಿಲ್ಲುಗಳ ಕಡತವನ್ನು ನೋಡುತ್ತಿದ್ದಾಗ, ಪ್ರತಿಯೊಂದಕ್ಕೂ ಓಪನ್ ಕವರ್ ಪ್ರಮಾಣಪತ್ರವನ್ನು ಪಿನ್ ಮಾಡಿ, ಅಂಚಿನಲ್ಲಿ ಗ್ರಾಂ ತೂಕವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟದ್ದು ಕಂಡಿತು.